ಕೊನೆಯ ಬೆಂಚಿಗೂ ಕೇಳಬೇಕು

ನಮ್ಮ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ಮೈಕುಗಳ ದನಿ ಹೊಂದಿಸುವ ಮಿಕ್ಸರ್ ಇರುವುದು ಹಿಂಬಾಗಿಲ ಪಕ್ಕ, ಕೊಡೆ ಇಡುವ ಮೂಲೆಗೆ ತಾಗಿಕೊಂಡು. ಮಂಗಳೂರು ಕಡೆಯ ಮಳೆ ಗೊತ್ತಲ್ಲ. ಜೂನ್ ಬಂತೆಂದರೆ ಸಾಲು ಸಾಲು ಕೊಡೆ, ಅದರ ನೀರೆಲ್ಲ ನೆಲದ ಇಳಿಜಾರು ಹಿಡಿದು ನೇರ ಕೇಬಲ್ ಕಡೆಗೆ. ಹಾಗಾಗಿ ಸೌಂಡ್ ಟೀಮಿಗೆ ಸೇರಿದ ಮೇಲೆ ನಾನು ಮಾಡಿದ ಮೊದಲ ಸೇವೆ ಎಂದರೆ ಕೊಡೆ ಸ್ಟ್ಯಾಂಡನ್ನು ಆಚೆ ಜಗಲಿಗೆ ದಾಟಿಸಿದ್ದು. ಅದಕ್ಕೂ ಒಂದಿಬ್ಬರು ಹಿರಿಯರು ಬೇಜಾರು ಮಾಡಿಕೊಂಡರು. "ನಮ್ಮ ಅಪ್ಪನ ಕಾಲದಿಂದ ಅಲ್ಲೇ ಇತ್ತು ಮಾರಾಯ" ಅಂದರು.

ಸೇರಿದ್ದು ಎಂದರೆ ದೊಡ್ಡ ಕರೆ ಬಂದು ಸೇರಿದ್ದೇನಲ್ಲ. ಮೊದಲು ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತು. ಆರಾಧನೆ ಮುಗಿದು ಗೇಟಿನ ಹತ್ತಿರ ನಿಂತಿದ್ದಾಗ ಕಮಿಟಿಯವರೊಬ್ಬರು ಹೆಗಲ ಮೇಲೆ ಕೈ ಹಾಕಿ, "ನೀನು ಐಟಿಐ ಎಲೆಕ್ಟ್ರಿಕಲ್ ಅಲ್ವಾ? ಬರುವ ವಾರದಿಂದ ಮೈಕ್ ನೋಡಿಕೋ" ಅಂದರು. ನಾನು ಕೆಲಸ ಮಾಡುವುದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ಬಾವಿ ಪಂಪಿಗೂ ಮೈಕಿಗೂ ಎಂತ ಸಂಬಂಧ? ಆದರೆ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನ ಜನರಲ್ಲಿ, ಕರೆಂಟ್ ಮುಟ್ಟಿದರೆ ಹೆದರದವನು ಅಂದರೆ ಎಲ್ಲಕ್ಕೂ ಆಗುತ್ತಾನೆ ಎಂಬ ಲೆಕ್ಕ.

ಹೇಳಿಕೊಟ್ಟವರು ಒಬ್ಬ ಅಂಕಲ್. ಟೆಲಿಫೋನ್ ಇಲಾಖೆಯಲ್ಲಿ ಲೈನ್ ಕೆಲಸ ಮಾಡಿ ರಿಟೈರ್ ಆದವರು. ಎಲ್ಲರೂ ಅವರನ್ನು ಸೌಂಡ್ ಅಂಕಲ್ ಎಂದೇ ಕರೆಯುವುದು. ಅವರು ನನಗೆ ಬಹಳ ಕಾಲ ಮಿಕ್ಸರ್ ಮುಟ್ಟಲು ಬಿಡಲೇ ಇಲ್ಲ. ಬರೀ ಕೇಬಲ್ ಸುತ್ತುವ ಕೆಲಸ. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಕೈ ಮತ್ತು ಮೊಣಕೈ ನಡುವೆ ಹಾಕಿ ಸರಸರ ಸುತ್ತಿದರೆ ಎರಡು ನಿಮಿಷದ ಕೆಲಸ ಅಲ್ವಾ ಇದು? ಅವರು ಬಿಡಬೇಕಲ್ಲ. ಎಡಗೈಯಲ್ಲಿ ತುದಿ ಹಿಡಿಯಬೇಕು. ಬಲಗೈಯಿಂದ ಒಂದು ಸುತ್ತು ಮಾಮೂಲಾಗಿ ಹಾಕಬೇಕು. ಮುಂದಿನ ಸುತ್ತಿಗೆ ಹೆಬ್ಬೆರಳು ತೋರುಬೆರಳ ನಡುವೆ ಕೇಬಲನ್ನು ಸ್ವಲ್ಪ ಹೊರಳಿಸಿ, ಮಣಿಕಟ್ಟು ಒಳಕ್ಕೆ ತಿರುಗಿಸಿ, ತುದಿ ಒಳಗಡೆಯಿಂದ ಬರುವ ಹಾಗೆ ಹಾಕಬೇಕು. ಮತ್ತೆ ಮಾಮೂಲು, ಮತ್ತೆ ಒಳಗೆ. ಹೀಗೆ ಸುತ್ತಿದ ಕೇಬಲ್‌ನ ಒಂದು ತುದಿ ಹಿಡಿದು ಎಸೆದರೆ ಒಂದೂ ಗಂಟಿಲ್ಲದೆ ಬಲಿಪೀಠದ ತನಕ ಬಿಚ್ಚಿಕೊಂಡು ಹೋಗುತ್ತದೆ. ಮೊಣಕೈಗೆ ಸುತ್ತಿದ್ದು ಒಂದು ವರ್ಷದಲ್ಲಿ ಒಳಗೇ ತಿರುಚಿಕೊಂಡು, ಕನೆಕ್ಟರ್ ಹತ್ತಿರ ತಂತಿ ಕಡಿದು, ಸರಿಯಾಗಿ ವೇದಪಾಠದ, ಅಂದರೆ ಬೈಬಲ್ ಓದುವ ಹೊತ್ತಿಗೆ ಕರಕರ ಶುರು ಮಾಡುತ್ತದೆ. ಮಿಕ್ಸರ್ ತಪ್ಪು ಎಂದು ಜನ ಹೇಳುವುದರಲ್ಲಿ ಮುಕ್ಕಾಲು ಪಾಲು ಕೇಬಲ್ ಮತ್ತು ಬ್ಯಾಟರಿಯ ತಪ್ಪು. ಅಂಕಲ್ ನನ್ನನ್ನು ಅಲ್ಲಿಂದ ಶುರು ಮಾಡಿಸಿದ್ದು ಸುಮ್ನೆ ಅಲ್ಲ.

ಅವರದ್ದೇ ಇನ್ನೊಂದು ಪದ್ಧತಿ: ಕೇಬಲ್ ಹಾಳಾದರೆ ತುದಿಗೆ ಒಂದು ಗಂಟು ಹಾಕಿಯೇ ಕೆಳಗಿಡಬೇಕು. ರಿಪೇರಿ ಆದ ಮೇಲೆಯೇ ಗಂಟು ಬಿಚ್ಚುವುದು. ಇಲ್ಲದಿದ್ದರೆ ಹಾಳಾದದ್ದು ಒಳ್ಳೆಯದರ ಜೊತೆ ಸೇರಿ, ಮುಂದಿನ ಭಾನುವಾರ ಮತ್ತೊಬ್ಬನ ಕೈಗೆ ಅದೇ ಸಿಗುತ್ತದೆ.

ನಮ್ಮ ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲೇ ಜೆಪ್ಪುವಿನಲ್ಲಿ ಅವರು ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕೆಂಪು ಹಂಚಿನ ಕಡಿದಾದ ಮಾಡು, ದಪ್ಪ ಮುರಕಲ್ಲಿನ ಗೋಡೆ, ಉದ್ದುದ್ದ ಕಿಟಕಿ. ಈ ಕಡೆಯ ಹಳೆಯ ದೇವಾಲಯಗಳೆಲ್ಲ ಬಹುತೇಕ ಇದೇ ತರ. ಅವನ್ನು ಕಟ್ಟಿದಾಗ ಮೈಕ್ ಎಂಬುದೇ ಇರಲಿಲ್ಲ. ಪ್ರಸಂಗ ಪೀಠ, ಅಂದರೆ ಉಪದೇಶ ಮಾಡುವ ಜಾಗ, ಎತ್ತರದಲ್ಲಿ ಇಟ್ಟದ್ದು ಅದಕ್ಕೇ, ಮುಂದಿನವರ ತಲೆಯ ಮೇಲಿಂದ ದನಿ ಹಿಂದಕ್ಕೆ ಹೋಗಲಿ ಎಂದು. ಪ್ರಸಂಗ ಮಾಡುವವರು ಒಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು. ಗೋಡೆಗೆ ಬಡಿದ ದನಿ ಅಡಗಿದ ಮೇಲೆ ಮುಂದಿನ ವಾಕ್ಯ. ಹಾಡಿಗಂತೂ ಈ ಪ್ರತಿಧ್ವನಿ ಬಲು ಚೆಂದ. ಜರ್ಮನ್ ರಾಗದ ಹಳೆಯ ಗೀತೆಗಳನ್ನು ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂದು ನಾಲ್ಕು ಸ್ವರದಲ್ಲಿ ಹಾಡುವುದನ್ನು ನಮ್ಮ ಅಜ್ಜಿಯಂದಿರೂ ಕಲಿತಿದ್ದರು, ಅದು ಈ ಗೋಡೆಗಳ ನಡುವೆ ತಾನಾಗಿಯೇ ತುಂಬಿಕೊಳ್ಳುತ್ತದೆ.

ತೊಂದರೆ ಬಂದದ್ದು ಮಾತಿಗೆ. ಕೇಳಿಸುವುದಿಲ್ಲ ಎಂದು ಒಂದು ಸ್ಪೀಕರ್, ಆಮೇಲೆ ಮತ್ತೊಂದು, ಹೀಗೆ ಕಂಬ ಕಂಬಕ್ಕೂ ಹಾಕುತ್ತಾ ಹೋದರು. ಸದ್ದು ಜಾಸ್ತಿ ಆಯಿತು, ಮಾತು ಮಾತ್ರ ಇನ್ನಷ್ಟು ಕಲಸಿಹೋಯಿತು. ಕಾರಣ ಸರಳ. ಶಬ್ದ ಒಂದು ಸೆಕೆಂಡಿಗೆ ಹೋಗುವುದು ಸುಮಾರು 340 ಮೀಟರ್. ಅಂದರೆ ಒಂದು ಮೀಟರ್ ದಾಟಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್. ತಂತಿಯಲ್ಲಿ ಹೋಗುವ ಕರೆಂಟಿಗೆ ಆ ತಡವೇ ಇಲ್ಲ. ಹಿಂದಿನ ಬೆಂಚಿನವರಿಗೆ ಪಕ್ಕದ ಕಂಬದ ಸ್ಪೀಕರ್ ಮೊದಲು ಕೇಳುತ್ತದೆ, 20 ಮೀಟರ್ ದೂರದ ಮುಂದಿನ ಸ್ಪೀಕರಿನ ಅದೇ ಮಾತು 60 ಮಿಲಿಸೆಕೆಂಡ್ ಬಿಟ್ಟು ಬರುತ್ತದೆ, ಅದರ ಮೇಲೆ ಗೋಡೆಯಿಂದ ವಾಪಸ್ ಬಂದದ್ದು. ಒಂದೇ ಮಾತನ್ನು ಮೂರು ಜನ ಹಿಂದೆ ಮುಂದೆ ಹೇಳಿದ ಹಾಗೆ. ಹಿಂದಿನ ಸ್ಪೀಕರಿಗೆ ಅಷ್ಟೇ ಡಿಲೇ ಕೊಟ್ಟರೆ ಎರಡೂ ಒಟ್ಟಿಗೆ ಬರುತ್ತವೆ. ನಮ್ಮಲ್ಲಿ ಡಿಲೇ ಬಾಕ್ಸ್ ಬರುವ ತನಕ ಅಂಕಲ್ ಮಾಡುತ್ತಿದ್ದ ಉಪಾಯ ಇನ್ನೂ ಸುಲಭದ್ದು. ನಡುವಿನ ಕೆಲವು ಸ್ಪೀಕರಿನ ತಂತಿಯನ್ನೇ ಕಳಚಿಬಿಟ್ಟಿದ್ದರು. ಸ್ಪೀಕರ್ ದಾನ ಕೊಟ್ಟವರ ಹೆಸರು ಅದರ ಮೇಲೆ ಬರೆದಿತ್ತಾದ್ದರಿಂದ ಡಬ್ಬ ಮಾತ್ರ ಹಾಗೇ ಇತ್ತು. ಯಾರಿಗೂ ಹೇಳಲಿಲ್ಲ. "ಈಗ ಚೆನ್ನಾಗಿ ಕೇಳುತ್ತದೆ, ಹೊಸ ಆಂಪ್ಲಿಫಯರ್ ತಂದಿರಾ?" ಎಂದು ಕೇಳಿದವರೂ ಇದ್ದರು.

ಈ ಕೆಲಸದಲ್ಲಿ ನನಗೆ ತಲೆಗೆ ಹೋದ ವಿಷಯ ಒಂದೇ. ಸೌಂಡ್ ನೋಡಿಕೊಳ್ಳುವುದು ಅಂದರೆ ಹೆಚ್ಚುಪಾಲು ತಗ್ಗಿಸುವುದು, ತೆಗೆಯುವುದು, ಮುಚ್ಚುವುದು. ಏರಿಸುವುದು ಯಾರಿಗೂ ಬರುತ್ತದೆ.

ಮಿಕ್ಸರ್ ಮುಟ್ಟಲು ಬಿಟ್ಟ ದಿನ ಅಂಕಲ್ ಮೊದಲು ತೋರಿಸಿದ್ದು ಮೇಲಿನ ಗೇನ್ ತಿರುಗಣೆ, ಮೈಕಿನ ದನಿ ಮಿಕ್ಸರಿಗೆ ಎಷ್ಟು ಬರಬೇಕು ಎಂದು ಹೊಂದಿಸುವುದು. ಸದ್ದು ಏರಿಸಿ ಇಳಿಸಲು ಜಾರಿಸುವ ಗುಂಡಿ, ಕೆಳಗಿನ ಫೇಡರ್, ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನೇ ತಳ್ಳುತ್ತಾರೆ. ಗೇನ್ ತಪ್ಪಿದ್ದರೆ ಫೇಡರ್ ಎಷ್ಟು ಆಡಿಸಿದರೂ ಪ್ರಯೋಜನ ಇಲ್ಲ. ಕಡಿಮೆ ಇದ್ದರೆ ಮಾತಿನ ಜೊತೆ ಸ್‌ಸ್ ಎಂಬ ಸದ್ದೂ ಏರುತ್ತದೆ. ಜಾಸ್ತಿ ಇದ್ದರೆ ಕೆಂಪು ದೀಪ ಮಿನುಗಿ ದನಿ ಒಡೆಯುತ್ತದೆ. ಹೆಡ್‌ಫೋನ್ ಹಾಕಿ, ಆ ಒಂದು ಮೈಕನ್ನು ಮಾತ್ರ ಕೇಳಿಸುವ ಪಿಎಫ್ಎಲ್ ಬಟನ್ ಒತ್ತಿ, ಅವರು ನಿಜವಾಗಿ ಮಾತಾಡುವಷ್ಟೇ ಜೋರಾಗಿ ಮಾತಾಡಿಸಿ ಗೇನ್ ಹೊಂದಿಸಬೇಕು. ಇಲ್ಲೇ ಕಷ್ಟ. "ಸ್ವಲ್ಪ ಮಾತಾಡಿ" ಅಂದರೆ ನಾಚಿಕೊಂಡು "ಹಲೋ, ಒನ್ ಟೂ" ಅನ್ನುತ್ತಾರೆ, ಆರಾಧನೆಯಲ್ಲಿ ಎರಡರಷ್ಟು ಬೊಬ್ಬೆ ಹೊಡೆಯುತ್ತಾರೆ. ನಾನು ಈಗ ಹಲೋ ಹೇಳಿಸುವುದೇ ಇಲ್ಲ. ಅವತ್ತು ಓದಬೇಕಾದ ವೇದಪಾಠವನ್ನೇ ನಾಲ್ಕು ಸಾಲು ಓದಿಸುತ್ತೇನೆ. ಅವರಿಗೂ ಕಷ್ಟದ ಹೆಸರುಗಳು ಒಮ್ಮೆ ನಾಲಿಗೆಗೆ ಬಂದ ಹಾಗಾಯಿತು.

ಆಮೇಲೆ ಲೋ ಕಟ್ ಬಟನ್. 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನ ತೀರಾ ದಪ್ಪ ಸದ್ದನ್ನು ಕತ್ತರಿಸುತ್ತದೆ. ಮಾತಾಡುವ ಮೈಕಿಗೆಲ್ಲ ಅದು ಒತ್ತಿಯೇ ಇರಬೇಕು. ಫ್ಯಾನಿನ ಗಾಳಿ, ಪೀಠದ ಹಲಗೆಗೆ ಕೈ ಬಡಿದದ್ದು, ಕಾಲು ಸರಿಸಿದ್ದು, ಇವೆಲ್ಲ ಅಲ್ಲೇ ಕೆಳಗೆ ಗುಡುಗುಡು ಅನ್ನುತ್ತವೆ. ಅದಕ್ಕೂ ಮೇಲೆ 250ರಿಂದ 500 ಹರ್ಟ್ಸ್ ತನಕದ ಜಾಗ. ನಮ್ಮ ಕಟ್ಟಡ ಅಲ್ಲಿಯೇ ಜಾಸ್ತಿ ಗುಂಯ್‌ಗುಡುವುದು. ಅದನ್ನು ಸ್ವಲ್ಪ ಇಳಿಸಿದರೆ ಸಾಕು, ಟ್ರೆಬಲ್ ಏರಿಸದೆಯೇ ಅಕ್ಷರ ಅಕ್ಷರ ಬಿಡಿಸಿ ಕೇಳುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೇಳದಿದ್ದರೆ ಅರ್ಧ ವಾಕ್ಯ ಹೋದ ಹಾಗೆ.

ಕೂಗು ಬರುವುದು, ಅಂದರೆ ಫೀಡ್‌ಬ್ಯಾಕ್, ಇದಕ್ಕೆ ಎಲ್ಲರೂ ಹೆದರುತ್ತಾರೆ. ಮೈಕಿಗೆ ಬಿದ್ದದ್ದು ಸ್ಪೀಕರಿನಿಂದ ಬಂತು, ಅದೇ ಮತ್ತೆ ಮೈಕಿಗೆ ಬಿತ್ತು, ಸುತ್ತುತ್ತಾ ಸುತ್ತುತ್ತಾ ಬೆಳೆಯಿತು. ಶನಿವಾರ ಸಂಜೆ ಖಾಲಿ ದೇವಾಲಯದಲ್ಲಿ ಅಂಕಲ್ ಬೇಕೆಂದೇ ಕೂಗಿಸುತ್ತಿದ್ದರು. ಮೆಲ್ಲ ಮೆಲ್ಲ ಏರಿಸಿ, ಕೂಗು ಶುರುವಾಗುವ ಹೊತ್ತಿಗೆ "ಎಷ್ಟು?" ಎಂದು ನನ್ನ ಮುಖ ನೋಡುವುದು. "ಹೂ" ಎಂದು ದಪ್ಪಗೆ ಬಂದರೆ 250ರ ಹತ್ತಿರ. "ಕೀಂ" ಎಂದು ಕಿವಿಗೆ ಚುಚ್ಚಿದರೆ 2,000 ದಾಟಿದೆ. ದಪ್ಪ ದನಿಯಿಂದ ಸಪೂರ ದನಿಯ ತನಕ ಬೇರೆ ಬೇರೆ ಕಡ್ಡಿ ಇರುವ ಗ್ರಾಫಿಕ್ ಈಕ್ವಲೈಜರ್‌ನಲ್ಲಿ ಆ ಒಂದು ಕಡ್ಡಿಯನ್ನು ಮೂರು ಡೆಸಿಬಲ್ (ಸದ್ದಿನ ಅಳತೆ) ಇಳಿಸಿ ಮತ್ತೆ ಏರಿಸುವುದು. ಕಿವಿಗೆ ಇದು ಅಭ್ಯಾಸವಾಗಲು ಬಹಳ ಶನಿವಾರ ಹಿಡಿಯಿತು. ಪಕ್ಕದ ಮನೆಯವರು ಮಾತ್ರ ನಮ್ಮ ಬಗ್ಗೆ ಎಂತ ಅಂದುಕೊಂಡರೋ. ಒಂದು ಮಾತು, ಶನಿವಾರದ ಲೆಕ್ಕ ಭಾನುವಾರಕ್ಕೆ ಪೂರ್ತಿ ಬರುವುದಿಲ್ಲ. ಜನ ಬಂದು ಕೂತರೆ ಅವರ ಸೀರೆ, ಅಂಗಿ, ಮೈ ಎಲ್ಲ ಸೇರಿ ಸದ್ದನ್ನು ಹೀರುತ್ತವೆ. ಖಾಲಿ ಇದ್ದಾಗ ಕಿವಿಗೆ ಹೊಡೆಯುತ್ತಿದ್ದ ಟ್ರೆಬಲ್ ಜನ ತುಂಬಿದ ಮೇಲೆ ಸರಿಯಾಗಿಯೇ ಕೇಳುತ್ತದೆ. ಅದಕ್ಕೇ ಶನಿವಾರ ಅದನ್ನು ಪೂರ್ತಿ ಇಳಿಸಿಬಿಡಬಾರದು.

ಮೈಕ್ ವಿಷಯಕ್ಕೆ ಬಂದರೆ ನಮ್ಮಲ್ಲಿ ಇರುವುದು ಶೂರ್ ಎಸ್‌ಎಂ 58. ಆ ಮಾದರಿ 1966ರಲ್ಲಿ ಬಂದದ್ದು, ಈಗಲೂ ಅದೇ ನಡೆಯುತ್ತಿದೆ. ಬಿದ್ದರೂ ಸಾಯುವುದಿಲ್ಲ, ಸಂಡೇ ಸ್ಕೂಲ್ ಮಕ್ಕಳು ಇರುವ ಕಡೆ ಅದೇ ದೊಡ್ಡ ಗುಣ. ಆದರೆ ಬಾಯಿ ಹತ್ತಿರ ಬೇಕು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಆದರೆ 6 ಡೆಸಿಬಲ್ ಪುಕ್ಕಟೆ ಸಿಗುತ್ತದೆ, ಕೂಗಿನ ಭಯ ಇಲ್ಲದೆ. ಇದನ್ನು ಜನರಿಗೆ ಹೇಗೆ ಹೇಳುವುದು? ನಮ್ಮಲ್ಲಿ ವೇದಪಾಠ ಓದುವವರು ಬಹಳ ಮಂದಿ ರಿಟೈರ್ ಆದ ಟೀಚರುಗಳು. ನನಗೆ ಎರಡನೇ ಕ್ಲಾಸಿನಲ್ಲಿ ಕಿವಿ ಹಿಂಡಿದವರೂ ಇದ್ದಾರೆ. ಅವರು ಮೈಕಿನಿಂದ ಎರಡು ಅಡಿ ದೂರ ನಿಂತು, "ನನ್ನ ದನಿಗೆ ಮೈಕ್ ಬೇಡ" ಅನ್ನುತ್ತಾರೆ. ಐವತ್ತು ಮಕ್ಕಳ ಕ್ಲಾಸಿಗೆ ಬೇಡದೇ ಇರಬಹುದು. ಒಮ್ಮೆ ಆರಾಧನೆಗೆ ಮೊದಲು ಹೋಗಿ, "ಟೀಚರ್, ಹಿಂದೆ ಕೂರುವ ಅಜ್ಜಿ ನಿಮ್ಮ ಓದು ಕೇಳಲಿಕ್ಕೆಂದೇ ಬರುವುದು, ಅವರಿಗೆ ಕೇಳುವುದಿಲ್ಲವಂತೆ" ಅಂದೆ. ಅಷ್ಟೇ. ಅವತ್ತಿನಿಂದ ಅವರು ಮೈಕ್ ಬಿಟ್ಟು ಕದಲಿಲ್ಲ. ಮೈಕ್ ನಿಯಮ ಹೇಳಿದ್ದರೆ ಖಂಡಿತ ಕೇಳುತ್ತಿರಲಿಲ್ಲ. ಇನ್ನು ಹೊರಗಿನಿಂದ ಬರುವ ಪ್ರಸಂಗಿಗಳು. ಪೀಠಕ್ಕೆ ಹತ್ತಿದ ಕೂಡಲೇ ಮೈಕಿಗೆ ಫೂ ಎಂದು ಊದುತ್ತಾರೆ, ಬೆರಳಿನಲ್ಲಿ ಟಕ್ ಟಕ್ ಬಡಿಯುತ್ತಾರೆ. ಅವರು ಮೆಟ್ಟಿಲು ಹತ್ತುವಾಗಲೇ ನಾನು ಮೈಕ್ ಆನ್ ಮಾಡಿಟ್ಟು, ಸಭೆಯವರ ಹಾಗೆ ಮುಂದೆ ನೋಡುತ್ತಾ ಕೂತಿರುತ್ತೇನೆ. ಊದುವುದಕ್ಕೆ ಮೊದಲೇ ಉಸಿರು ಕೇಳಿಸಿದರೆ ಊದುವುದಿಲ್ಲ.

ಗಾಯನ ಮಂಡಳಿ ಬೇರೆಯೇ ಲೋಕ. ಒಂದು ಕಾಲಕ್ಕೆ ಪ್ರತಿ ಸಾಲಿಗೂ ಎರಡು ಮೈಕ್ ಇಟ್ಟಿದ್ದರು. ಮೈಕ್ ಸಿಕ್ಕಿದವರು ಹಾಡುವುದು, ಸಿಗದವರು ಮುಖ ಊದಿಸುವುದು. ತೆರೆದಿರುವ ಮೈಕ್ ಎರಡರಷ್ಟಾದರೆ ಕೂಗು ಬರುವ ಮಟ್ಟ 3 ಡೆಸಿಬಲ್ ಹತ್ತಿರ ಬರುತ್ತದೆ. ಒಬ್ಬರ ದನಿ ನಾಲ್ಕು ಮೈಕಿಗೆ ಬಿದ್ದು ತೆಳ್ಳಗಾಗುತ್ತದೆ. ಮೈಕಿಗೂ ಬಾಯಿಗೂ ಇರುವ ದೂರದ ಮೂರರಷ್ಟು ಒಂದು ಮೈಕಿಗೂ ಇನ್ನೊಂದಕ್ಕೂ ನಡುವೆ ಇರಬೇಕು ಎಂಬ ಲೆಕ್ಕ ಇದೆ, ಅದನ್ನು ಹಿಡಿದು ನಾವು ಎಲ್ಲ ಎತ್ತಿ ದೂರದ ದನಿಯನ್ನೂ ಹಿಡಿಯುವ ಎರಡೇ ಕಂಡೆನ್ಸರ್ ಮೈಕ್ ಎತ್ತರದಲ್ಲಿ ಇಟ್ಟೆವು. ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಹೋಗಬೇಕು. ಫೇಡರ್ ಇಳಿಸದೆ ಆ ಸ್ವಿಚ್ ಒತ್ತಿದರೆ ಸ್ಪೀಕರ್ ಢಮ್ ಅನ್ನುತ್ತದೆ. ಆಲ್ಟೊ ಅಕ್ಕಂದಿರು ಎರಡು ವಾರ ಮಾತು ಬಿಟ್ಟರು. ಆಮೇಲೆ ರೆಕಾರ್ಡಿಂಗ್ ಕೇಳಿಸಿದೆ. ನಾಲ್ಕು ಸ್ವರವೂ ಬೆರೆತು ಬಂದಿತ್ತು, ಯಾರ ದನಿಯೂ ಎದ್ದು ಕಾಣುತ್ತಿರಲಿಲ್ಲ. ಅದರಲ್ಲೂ ಬೇಸ್ ಅಣ್ಣಂದಿರಿಗೆ ತಾವು ಇದ್ದೇವೆ ಎಂದು ಮೊದಲ ಸಲ ಗೊತ್ತಾದದ್ದು.

ಕೀಬೋರ್ಡ್ ನುಡಿಸುವವರ ಜೊತೆ ಮಾತ್ರ ಇನ್ನೂ ರಾಜಿ ಪೂರ್ತಿ ಆಗಿಲ್ಲ. ನಾನು ಇಳಿಸಿದರೆ ಅವರು ಅಲ್ಲಿ ತಮ್ಮ ಕೀಬೋರ್ಡಿನಲ್ಲೇ ಏರಿಸುತ್ತಾರೆ. ಅವರದ್ದೂ ತಪ್ಪಿಲ್ಲ, ಅವರು ಕೂರುವ ಜಾಗಕ್ಕೆ ಸ್ಪೀಕರ್ ಸದ್ದು ತಲುಪುವುದಿಲ್ಲ. ಚಿಕ್ಕ ಮಾನಿಟರ್ ಸ್ಪೀಕರ್ ಒಂದನ್ನು ಅವರ ಕಿವಿಯ ಹತ್ತಿರ ಇಟ್ಟ ಮೇಲೆ ಜಗಳ ಅರ್ಧಕ್ಕೆ ಇಳಿದಿದೆ.

ಮಳೆಗಾಲದಲ್ಲಿ ಇದೆಲ್ಲ ಜ್ಞಾನ ಹಂಚಿನ ಮೇಲೆ ಬಿದ್ದು ಹೋಗುತ್ತದೆ. ಸೀಲಿಂಗ್ ಇಲ್ಲ, ಜೋರು ಮಳೆ ಬಂದರೆ ಪಕ್ಕದವರು ಮಾತಾಡಿದ್ದೂ ಕೇಳುವುದಿಲ್ಲ. ಮೊದಲೆಲ್ಲ ಸದ್ದು ಏರಿಸಿ ಮಳೆಯ ಜೊತೆ ಸ್ಪರ್ಧೆ. ಯಾರು ಗೆದ್ದಾರು? ಏರಿಸಿದರೆ ಕೂಗು, ಏರಿಸದಿದ್ದರೆ ಏನೂ ಇಲ್ಲ. ಈಗಿನ ಅಯ್ಯನವರ, ಅಂದರೆ ನಮ್ಮ ಪಾದ್ರಿಯವರ ಹತ್ತಿರ ನಾನೇ ಹೋಗಿ ಕೇಳಿದೆ, "ಅಯ್ಯನವರೇ, ತೀರಾ ಜೋರಾದರೆ ನಾನು ಕೈ ಎತ್ತುತ್ತೇನೆ, ನೀವು ಒಂದು ಗೀತೆ ಹೇಳಿಬಿಡಿ" ಎಂದು. ಅವರು ಒಪ್ಪಿದರು. ಈಗ ಪ್ರಸಂಗದ ನಡುವೆ ಮಳೆ ಸುರಿದರೆ ಎಲ್ಲರಿಗೂ ಗೊತ್ತಿರುವ ಒಂದು ಗೀತೆ, ಪುಸ್ತಕ ಬೇಡದ್ದು. ಮಳೆ ಇಳಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುವುದು.

ಮಳೆಗಾಲ ಅಂದರೆ ಬರೀ ಸದ್ದಿನ ವಿಷಯ ಅಲ್ಲ. ಜ್ಯಾಕ್‌ಗಳಿಗೆ ಹಸಿರು ಹಿಡಿಯುತ್ತದೆ. ಮೈಕಿನ ಜಾಲರಿಯ ಒಳಗಿನ ಸ್ಪಂಜಿಗೆ ಬೂಷ್ಟು. ಮಿಕ್ಸರ್ ಒಳಗೆ ಇರುವೆ ಮನೆ ಮಾಡಿದ್ದೂ ಉಂಟು. ಮೈಕ್ ಇಡುವ ಕಪಾಟಿನಲ್ಲಿ ಅಂಕಲ್ ಒಂದು ಹಳೆಯ ಕಾಲದ ಬಲ್ಬ್ ಹಾಕಿ ಇಟ್ಟಿದ್ದಾರೆ, ಆ ಬಿಸಿಗೆ ತೇವ ನಿಲ್ಲುವುದಿಲ್ಲ. ಎಲ್ಇಡಿ ಹಾಕಿದರೆ ಆ ಕೆಲಸ ಆಗುವುದಿಲ್ಲ, ಅದಕ್ಕೆ ಅಂಗಡಿ ಅಂಗಡಿ ಹುಡುಕಿ ತಂತಿ ಬಲ್ಬೇ ತರುತ್ತಾರೆ. ಸಿಡಿಲಿನ ಕಾಲದಲ್ಲಿ ಆರಾಧನೆ ಮುಗಿದ ಕೂಡಲೇ ಪ್ಲಗ್ ಕಿತ್ತು ಇಡಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಆನ್ ಮಾಡುವಾಗ ಆಂಪ್ಲಿಫಯರ್ ಕೊನೆಗೆ, ಆಫ್ ಮಾಡುವಾಗ ಅದೇ ಮೊದಲು. ಇದು ನನ್ನ ಕಸುಬಿನವರಿಗೆ ಬೇಗ ಅರ್ಥವಾಗುತ್ತದೆ. ಹಾಗೆಯೇ 50 ಹರ್ಟ್ಸ್ ಗುಂಯ್ ಸದ್ದು. ಕೀಬೋರ್ಡ್ ಒಂದು ಗೋಡೆಯ ಪ್ಲಗ್ಗಿಗೆ, ಮಿಕ್ಸರ್ ಇನ್ನೊಂದಕ್ಕೆ ಹಾಕಿದರೆ ಎರಡರ ಅರ್ತಿಂಗ್ ನಡುವೆ ಸುತ್ತು ಬಿದ್ದು ಆ ಸದ್ದು ಬರುತ್ತದೆ. ಒಂದೇ ಬೋರ್ಡಿನಿಂದ ಎಳೆಯಿರಿ, ಅಥವಾ ನಡುವೆ ಆ ಸುತ್ತು ಬಿಡಿಸುವ ಡಿಐ ಬಾಕ್ಸ್ ಹಾಕಿ. ಅರ್ತಿಂಗ್ ಪಿನ್ ಮುರಿದು ಹಾಕಿದರೆ ಸದ್ದು ಹೋಗುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಮೈಕ್ ಹಿಡಿದವರು ಒದ್ದೆ ಕಾಲಿನಲ್ಲಿ ಇರುತ್ತಾರೆ ಈ ಊರಲ್ಲಿ.

ಶುಭ ಶುಕ್ರವಾರ ನನಗೆ ವರ್ಷದ ಅತಿ ಕಷ್ಟದ ದಿನ. ಮಧ್ಯಾಹ್ನ 12ರಿಂದ 3, ಶಿಲುಬೆಯ ಮೇಲಿನ ಏಳು ಮಾತು, ಒಂದೊಂದಕ್ಕೂ ಬೇರೆ ಬೇರೆ ಜನ. ಒಬ್ಬರದ್ದು ಪಿಸುದನಿ, ಇನ್ನೊಬ್ಬರದ್ದು ಗರ್ಜನೆ. ನಡುವೆ ಮೌನ ಪ್ರಾರ್ಥನೆ. ಮೌನ ಬಂದಾಗಲೇ ನಮ್ಮ ಸಿಸ್ಟಮ್‌ನ ಬಣ್ಣ ಬಯಲು, ಬೇರೆ ದಿನ ಕೇಳದ ಸಣ್ಣ ಸದ್ದೂ ಆಗ ಕೇಳುತ್ತದೆ. ಹಾಗಾಗಿ ಮಾತು ನಿಂತ ಕೂಡಲೇ ಮೈಕ್ ಮ್ಯೂಟ್. ಕಾರ್ಡ್‌ಲೆಸ್ ಮೈಕಿಗೆ ಹೊಸ ಬ್ಯಾಟರಿ, ಹಿಂದಿನ ದಿನದ್ದು "ಇನ್ನೂ ಉಂಟು" ಎಂದು ತೋರಿಸಿದರೂ ನಂಬಬಾರದು. ನಾಲ್ಕನೇ ಮಾತಿನ ನಡುವೆ ಮೈಕ್ ಸತ್ತರೆ ಎದ್ದು ಹೋಗಿ ಬದಲಿಸುವ ಧೈರ್ಯ ಯಾರಿಗಿದೆ?

ಅದಾಗಿ ಎರಡು ದಿನಕ್ಕೆ ಈಸ್ಟರ್. ಬೆಳಗಿನ ಜಾವ ಸ್ಮಶಾನದಲ್ಲಿ ಆರಾಧನೆ. ಅಲ್ಲಿಗೆ ನಾವು ಏನೂ ಒಯ್ಯುವುದಿಲ್ಲ. ದೇಶದ ಶಬ್ದ ಮಾಲಿನ್ಯ ನಿಯಮ 2000ರಲ್ಲಿ ಬಂತು, ರಾತ್ರಿ 10ರಿಂದ ಬೆಳಿಗ್ಗೆ 6 ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಅದೇ ವರ್ಷ ಚೆನ್ನೈನ ಒಂದು ಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ, ಬೇರೆಯವರ ನೆಮ್ಮದಿ ಕೆಡಿಸಿ ಧ್ವನಿವರ್ಧಕ ಹಾಕಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು. ಒಮ್ಮೆ ಯುವಕರ ಕೂಟದವರು "ಚಿಕ್ಕ ಬ್ಲೂಟೂತ್ ಸ್ಪೀಕರ್ ಒಂದು ಇರಲಿ ಅಣ್ಣ" ಎಂದು ಹಟ ಹಿಡಿದರು. ಬೇಡ ಅಂದೆ. ಮೈಕ್ ಇಲ್ಲ ಎಂದು ಗೊತ್ತಾದರೆ ಜನ ತಾವಾಗಿ ಹತ್ತಿರ ಬಂದು ನಿಲ್ಲುತ್ತಾರೆ, ಬೇರೆ ದಿನ ಬಾಯಿ ಬಿಡದವರೂ ಹಾಡುತ್ತಾರೆ. ನನಗೂ ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವ ಅವಕಾಶ. ಉಳಿದ ದಿನ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಬಿಟ್ಟುಕೊಂಡೇ ಇರಬೇಕು, ಆಮೆನ್ ಆದ ಮೇಲೆ ಯಾರು ಯಾವ ಮೈಕಿನ ಕಡೆ ಹೊರಟರು ಎಂದು ಕಾಣಬೇಕಲ್ಲ. ಪ್ರಾರ್ಥನೆಯ ಹೊತ್ತಲ್ಲಿ ಯಾರು ಮೊಬೈಲ್ ನೋಡುತ್ತಾರೆ ಎಂಬ ಪಟ್ಟಿಯೂ ನನ್ನ ಹತ್ತಿರ ಉಂಟು, ಅದು ಇಲ್ಲಿ ಬೇಡ.

ಬೆಳೆ ಹಬ್ಬದ ಏಲಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಳದಲ್ಲಿ ತೆಂಗಿನಕಾಯಿ, ಹಲಸು, ಹುಂಜ. ಕೂಗುವವರಿಗೆ ಒಂದು ಮೈಕ್ ಕೊಟ್ಟು ಹೆದರದೆ ಬಿಟ್ಟುಬಿಡುವುದು. ಅವತ್ತು ಯಾರೂ ಸೌಂಡ್ ಜಾಸ್ತಿ ಆಯಿತು ಅನ್ನುವುದಿಲ್ಲ. ಹುಂಜವನ್ನು ಮಾತ್ರ ಮೈಕಿನಿಂದ ದೂರ ಕಟ್ಟಬೇಕು.

2020ರ ಲಾಕ್‌ಡೌನ್ ಆದ ಮೇಲೆ ಲೈವ್ ಸೇರಿಕೊಂಡಿತು. ಬಾಗಿಲು ತೆರೆದ ಮೇಲೂ ಅದು ನಿಲ್ಲಲಿಲ್ಲ. ದುಬೈ, ಕುವೈತ್, ಮಸ್ಕತ್‌ನಲ್ಲಿ ನಮ್ಮವರು ಬಹಳ ಇದ್ದಾರೆ, ಮಂಚ ಬಿಟ್ಟು ಏಳಲಾಗದ ಹಿರಿಯರೂ ಮನೆಯಲ್ಲೇ ನೋಡುತ್ತಾರೆ. ಶುರುವಿಗೆ ಒಳಗಿನ ಮಿಕ್ಸನ್ನೇ ಹಾಗೇ ಕಳಿಸುತ್ತಿದ್ದೆವು. ಮಸ್ಕತ್‌ನಿಂದ ನಮ್ಮ ಹಳೆಯ ಹುಡುಗನದ್ದೇ ವಾಟ್ಸ್ಆ್ಯಪ್ ಬಂತು: "ಅಯ್ಯನವರ ಮಾತು ಸರಿ ಉಂಟು, ಸಭೆ ಹಾಡುವುದೇ ಕೇಳುವುದಿಲ್ಲ, ಖಾಲಿ ಬೆಂಚಿಗೆ ಆರಾಧನೆ ಮಾಡುತ್ತಿದ್ದೀರಾ?" ನಿಜ. ಒಳಗೆ ಕೂತವರಿಗೆ ಸಭೆಯ ಹಾಡು ಹಾಗೇ ಕೇಳುತ್ತದೆ, ಅದಕ್ಕೆ ಮೈಕ್ ಬೇಕಿಲ್ಲ. ಮಿಕ್ಸರಿಗೆ ಮಾತ್ರ ಅದು ಬರುವುದೇ ಇಲ್ಲ. ಈಗ ಜನರ ಕಡೆ ತಿರುಗಿಸಿದ ಒಂದು ಮೈಕ್ ಇದೆ, ಅದು ಲೈವ್‌ಗೆ ಮಾತ್ರ, ಮಿಕ್ಸರಿನ ಆಕ್ಸ್ ಎಂಬ ಬೇರೆ ದಾರಿಯಲ್ಲಿ ಹೋಗುತ್ತದೆ, ಒಳಗಿನ ಸ್ಪೀಕರಿಗೆ ಬರುವುದಿಲ್ಲ. ಕೆಮ್ಮು, ಮಗುವಿನ ಅಳು ಕೂಡ ಹೋಗುತ್ತದೆ. ಅದರ ಬಗ್ಗೆ ದೂರು ಬಂದಿಲ್ಲ. ಒಬ್ಬರು ಮಾತ್ರ ಅದು ತಮ್ಮ ತಮ್ಮನ ಕೆಮ್ಮೇ ಎಂದು ಗುರುತು ಹಿಡಿದು, ಡಾಕ್ಟರಿಗೆ ತೋರಿಸು ಎಂದು ಫೋನ್ ಮಾಡಿದ್ದರಂತೆ.

ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು, ಪ್ರತಿ ವಾರ ಮಿಕ್ಸರ್ ಮುಂದೆ ಕೂರಬೇಡಿ ಎಂದು. ನಮ್ಮ ಮೂಲೆಯಲ್ಲಿ ಬೇಸ್ ಎಲ್ಲ ಬಂದು ತುಂಬಿಕೊಳ್ಳುತ್ತದೆ, ಅಲ್ಲಿ ಸರಿ ಕೇಳಿದ್ದು ನಡುವಿನ ಬೆಂಚಿನಲ್ಲಿ ಸರಿ ಇರುವುದಿಲ್ಲ. ತಿಂಗಳಿಗೆ ಒಂದು ಭಾನುವಾರವಾದರೂ ಮನೆಯವರ ಜೊತೆ ಬೆಂಚಿನಲ್ಲಿ ಕೂರಬೇಕು. ಡ್ಯೂಟಿ ಇರುವ ದಿನವೂ ಮೊದಲ ಗೀತೆಯ ಹೊತ್ತಿಗೆ ಬದಿಯ ಓಣಿಯಲ್ಲಿ ಒಂದು ಸುತ್ತು ಹಾಕಬೇಕು. ಕೊನೆಯಿಂದ ಮೂರನೇ ಬೆಂಚಿನಲ್ಲಿ ಕೂರುವ ಒಬ್ಬ ಅಜ್ಜ ನಮ್ಮ ಮೀಟರ್. ಕಿವಿಗೆ ಮಿಷನ್ ಹಾಕಿಕೊಂಡಿದ್ದಾರೆ, ಅದು ಫ್ಯಾನು, ಕೆಮ್ಮು, ಪ್ರಸಂಗ ಎಲ್ಲವನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ. ಹಾಗಾಗಿ ಸದ್ದು ಏರಿಸಿದರೆ ಅವರಿಗೆ ಇನ್ನೂ ಕಷ್ಟ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟರೆ ಎಲ್ಲ ಸರಿ ಕೇಳುತ್ತಿದೆ ಎಂದು ಅರ್ಥ. ಕೈ ಕಿವಿಯ ಹಿಂದೆ ಹೋದರೆ ನಾನು 400ರ ಕಡ್ಡಿಯ ಕಡೆ ನೋಡುತ್ತೇನೆ.

ಈಗ ಸೇರಿದ ಒಬ್ಬಳು ಹುಡುಗಿ ಡಿಗ್ರಿ ಓದುತ್ತಿದ್ದಾಳೆ, ಕಿವಿ ಅಂದರೆ ಕಿವಿ ಅವಳದ್ದು. ಕೂಗು ಶುರುವಾಗುವ ಮೊದಲೇ ಕೈ ಹೋಗಿರುತ್ತದೆ. ಕೇಬಲ್ ಸುತ್ತುವುದು ಮಾತ್ರ ಅವಳಿಗೂ ಬೇಜಾರು. "ಅಣ್ಣ, ಯೂಟ್ಯೂಬಲ್ಲಿ ನೋಡಿ ಕಲಿತೆ" ಎಂದು ಒಂದು ದಿನ ಅಂಕಲ್‌ಗಿಂತ ಚೆನ್ನಾಗಿ ಸುತ್ತಿ ತೋರಿಸಿದಳು. ಅಂಕಲ್ ಅದನ್ನು ಬಿಚ್ಚಿಸಿ ಮತ್ತೆ ಸುತ್ತಿಸಿದರು.

ಕಮಿಟಿಯಲ್ಲಿ ಈಗ ಡಿಜಿಟಲ್ ಮಿಕ್ಸರ್ ತರುವ ಮಾತು ನಡೆಯುತ್ತಿದೆ. ಪಕ್ಕದ ಸಭೆಯವರು ತಂದರಂತೆ, ನಮಗೂ ಬೇಕು. ಬೇಡ ಎಂದಲ್ಲ, ಟ್ಯಾಬ್ ಹಿಡಿದು ಯಾವ ಬೆಂಚಿನಲ್ಲಿ ಬೇಕಾದರೂ ಕೂತು ಹೊಂದಿಸಬಹುದು, ನನಗೂ ಆಸೆಯೇ. ಆದರೆ ನಾನು ಕೊಟ್ಟ ಪಟ್ಟಿಯಲ್ಲಿ ಮೊದಲು ಬರೆದದ್ದು ಒಳ್ಳೆಯ ಕೇಬಲ್, ಗಟ್ಟಿ ಮೈಕ್ ಸ್ಟ್ಯಾಂಡ್, ಕೀಬೋರ್ಡಿಗೆ ಡಿಐ ಬಾಕ್ಸ್, ಚಾರ್ಜ್ ಮಾಡುವ ಬ್ಯಾಟರಿ. ಖಜಾಂಚಿ ಅಂಕಲ್ ಪಟ್ಟಿ ಓದಿ ಕನ್ನಡಕದ ಮೇಲಿಂದ ನೋಡಿದರು.

"ಇದೆಲ್ಲ ತಂದರೆ ಸೌಂಡ್ ಜಾಸ್ತಿ ಆಗುತ್ತದಾ?"

"ಇಲ್ಲ ಅಂಕಲ್, ಅಷ್ಟೇ ಇರುತ್ತದೆ."

"ಮತ್ತೆ ಎಂತಕ್ಕೆ?"

ಕೇಬಲ್‌ಗೆ ಒಪ್ಪಿಗೆ ಸಿಕ್ಕಿದೆ. ಸ್ಟ್ಯಾಂಡ್ ಬೆಳೆ ಹಬ್ಬ ಕಳೆದ ಮೇಲೆ ನೋಡುವ ಎಂದಿದ್ದಾರೆ.